ಹಿಟ್ಟಿನ ಕೋಳಿಯ ಆಚೆಗೆ: ‘ಯಶೋಧರ ಚರಿತೆ’ ಮತ್ತು ವನ್ಯಜೀವಿಗಳ ಅಭಯ

ಕನ್ನಡ ಜೈನ ಸಾಹಿತ್ಯದಲ್ಲಿ ಅಹಿಂಸೆಯ ಕಾವ್ಯವೆಂದೊಡನೆ ನೆನಪಾಗುವುದು ಜನ್ನನ ‘ಯಶೋಧರ ಚರಿತೆ’. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ್ದ ಜನ್ನನು 1209ರಲ್ಲಿ ರಚಿಸಿದ ಈ ಕೃತಿ ಗಾತ್ರದಲ್ಲಿ ಚಿಕ್ಕದು. ನಾಲ್ಕು ಅವತಾರಗಳು, ಮುನ್ನೂರಕ್ಕೆ ತುಸು ಮೇಲ್ಪಟ್ಟ ಪದ್ಯಗಳು, ಅವುಗಳಲ್ಲಿ ಬಹುಪಾಲು ಕಂದಗಳು. ವಾದಿರಾಜನ ಸಂಸ್ಕೃತ ಕೃತಿಯ ಜಾಡನ್ನು ಹಿಡಿದಿದ್ದರೂ ಇದು ಕನ್ನಡದ್ದೇ ಆದ ಕಾವ್ಯವಾಗಿ ನಿಂತಿದೆ. ಎಂಟು ಶತಮಾನಗಳಿಂದ ಓದಿಸಿಕೊಂಡು ಬಂದ ಕೃತಿಗೆ ಗೌರವದೊಡನೆ ಒಂದು ಅಪಾಯವೂ ಅಂಟಿಕೊಂಡಿರುತ್ತದೆ. ಓದುಗರು ತಮಗೆ ಒಗ್ಗಿದುದನ್ನು ಆಯ್ದುಕೊಂಡು ಉಳಿದುದನ್ನು ಅಲ್ಲಿಯೇ ಬಿಟ್ಟುಬಿಡುತ್ತಾರೆ. ಸಾಹಿತ್ಯ ವಿಮರ್ಶಕರು ಆಯ್ದುಕೊಂಡುದು ಅಮೃತಮತಿಯ ಪ್ರಣಯವನ್ನು. ಈ ಕಥೆಯಿಂದಲೇ ಹುಟ್ಟಿದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿಯೂ ಆ ರಾಣಿಯೇ ಕೇಂದ್ರ. ಶ್ರಾವಕ ಸಮಾಜ ಆಯ್ದುಕೊಂಡುದು ಹಿಟ್ಟಿನ ಕೋಳಿಯನ್ನು ಮತ್ತು ಮಾರಿಯ ಬಲಿಪೀಠವನ್ನು. ಇವೆರಡೂ ಕಾವ್ಯದಲ್ಲಿ ಇರುವುವೇ. ಆದರೆ ಅದರ ಉತ್ತರಾರ್ಧವನ್ನು ತುಂಬಿರುವ ನವಿಲು, ಹಾವು, ಮೀನು, ಮೊಸಳೆಗಳತ್ತ, ಬೇಟೆಗೆ ಹೊರಟ ಅರಸನತ್ತ, ಅವನ ನಾಯಿಗಳತ್ತ ಯಾರ ದೃಷ್ಟಿಯೂ ಹೆಚ್ಚು ಹೊತ್ತು ನಿಂತಿಲ್ಲ.

ಈ ಭಾಗವನ್ನು ಮತ್ತೆ ಓದಲು ಬಾಗಲಕೋಟೆ ಜಿಲ್ಲೆಗಿಂತ ತಕ್ಕ ನೆಲ ಇನ್ನೊಂದು ದೊರೆಯಲಾರದು. ಬಾದಾಮಿಯ ಕೋಟೆಯ ಬಂಡೆಯ ಮೇಲೆ 543ರ ಶಾಸನವೊಂದು ಒಂದನೆಯ ಪುಲಕೇಶಿಯ ಅಶ್ವಮೇಧವನ್ನು ದಾಖಲಿಸಿದೆ. ಅವನ ಮೊಮ್ಮಗ ಇಮ್ಮಡಿ ಪುಲಕೇಶಿಯ ಕಾಲದಲ್ಲಿ, 634ರಲ್ಲಿ, ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿ ತನ್ನ ಪ್ರಸಿದ್ಧ ಶಾಸನವನ್ನು ಕೆತ್ತಿಸಿದನು. ಯಜ್ಞದ ಕುದುರೆಯೂ ಜಿನಬಿಂಬವೂ ಒಂದೇ ಮನೆತನದ ನೆರಳಿನಲ್ಲಿ, ಒಂದು ಶತಮಾನದೊಳಗೆ, ಒಂದೇ ಜಾತಿಯ ಕಲ್ಲಿನಲ್ಲಿ ದಾಖಲಾದ ಸೀಮೆಯಿದು. ‘ಅಜಿತ ಪುರಾಣ’ವನ್ನು ಬರೆದ ರನ್ನನು ಹುಟ್ಟಿದ ಮುದುವೊಳಲು ಇಂದಿನ ಮುಧೋಳ. ಅದೇ ಮುಧೋಳ ಮತ್ತು ಬೀಳಗಿ ತಾಲೂಕುಗಳ ಕುರುಚಲು ಕಾಡಿನಲ್ಲಿ ಈಗ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಪ್ರಾಣಿಹಿಂಸೆಯ ಪ್ರಶ್ನೆ ಇಲ್ಲಿ ಹೊರಗಿನಿಂದ ಬಂದುದಲ್ಲ; ಸಾವಿರದೈನೂರು ವರ್ಷಗಳಿಂದ ಈ ನೆಲದಲ್ಲಿಯೇ ಇದೆ.

ಕಥೆಯ ಚೌಕಟ್ಟು ಸುಪರಿಚಿತ. ರಾಜಪುರದ ಅರಸ ಮಾರಿದತ್ತನು ಚಂಡಮಾರಿಗೆ ಬಲಿಯೀಯಲು ಪ್ರಾಣಿಗಳನ್ನು ಕೂಡಿಹಾಕಿಸಿ, ಮನುಷ್ಯರ ಜೋಡಿಯೊಂದನ್ನು ತರಲು ತಳಾರನನ್ನು ಕಳುಹಿಸುತ್ತಾನೆ. ಸಿಕ್ಕವರು ಸುದತ್ತಾಚಾರ್ಯರ ಶಿಷ್ಯರಾಗಿ ಭಿಕ್ಷೆಗೆ ಹೊರಟಿದ್ದ ಅಭಯರುಚಿ ಮತ್ತು ಅಭಯಮತಿ. ಕತ್ತಿಯ ಎದುರು ನಿಂತೂ ಅಳುಕದ ಆ ಮಕ್ಕಳನ್ನು ಕಂಡು ಅರಸನಿಗೆ ಬೆರಗು. ಅಭಯರುಚಿಯು ತಮ್ಮ ಹಿಂದಿನ ಜನ್ಮಗಳ ವೃತ್ತಾಂತವನ್ನು ಹೇಳುತ್ತಾನೆ. ಒಂದು ಕಾಲದಲ್ಲಿ ಅವನು ಉಜ್ಜಯಿನಿಯ ಯಶೋಧರ. ಅಭಯಮತಿಯು ಅವನ ತಾಯಿ ಚಂದ್ರಮತಿ. ರಾಣಿಯ ದ್ರೋಹವನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ಕೆಟ್ಟ ಕನಸೆಂದು ತಾಯಿಗೆ ಹೇಳಿದಾಗ ಅವಳು ಶಾಂತಿಗಾಗಿ ಬಲಿ ಕೊಡೆಂದಳು. ಅವನು ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿದನು. ಕಡಿದೊಡನೆ ಆ ಹಿಟ್ಟಿನ ಕೋಳಿ ಕೂಗಿತು.

ಈ ಕೂಗಿನಲ್ಲಿಯೇ ಜನ್ನನ ನೀತಿದರ್ಶನದ ಬೀಜವಿದೆ. ಯಾವ ಪ್ರಾಣವೂ ಹೋಗಲಿಲ್ಲ, ರಕ್ತದ ಹನಿ ಬೀಳಲಿಲ್ಲ. ಆದರೂ ಹಿಂಸೆ ನಡೆಯಿತು. ಕೊಲ್ಲುವ ಸಂಕಲ್ಪವೊಂದೇ ತಾಯಿ ಮಗನನ್ನು ಜನ್ಮದಿಂದ ಜನ್ಮಕ್ಕೆ ಎಳೆಯಲು ಸಾಕಾಯಿತು. ಹಿಂಸೆಯನ್ನು ಹೊರಗಿನ ಫಲದಿಂದ ಅಳೆಯದೆ ಒಳಗಿನ ಭಾವದಿಂದ ಅಳೆಯಬೇಕೆಂಬ ಜೈನ ತತ್ತ್ವವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ತೀಕ್ಷ್ಣವಾಗಿ ತೋರಿಸಿದ ಘಟನೆ ಕನ್ನಡದಲ್ಲಿ ವಿರಳ. ಸಂಕಲ್ಪೀ ಹಿಂಸೆಯನ್ನು ಮೊದಲು ತ್ಯಜಿಸಬೇಕೆಂದು ಶ್ರಾವಕನಿಗೆ ವಿಧಿಸಿದುದರ ಕಾರಣ ಈ ಕಥೆಯನ್ನು ಕೇಳಿದ ಬಾಲಕನಿಗೂ ತಿಳಿಯುತ್ತದೆ.

ಆದರೆ ಈ ಕೂಗನ್ನು ಸಮಾಜವು ಕೇಳಿಸಿಕೊಂಡ ಬಗೆಯಲ್ಲಿ ಒಂದು ಸುಖವಿದೆ. ಊರಿನ ದ್ಯಾಮವ್ವ, ದುರ್ಗವ್ವರ ಜಾತ್ರೆಯಲ್ಲಿ ಕೋಣ ಕುರಿ ಬೀಳುವಾಗ ಈ ಕಾವ್ಯ ನೆನಪಾಗುತ್ತದೆ. ಕರ್ನಾಟಕದಲ್ಲಿ 1959ರಿಂದ ಪ್ರಾಣಿಬಲಿ ನಿಷೇಧದ ಕಾಯಿದೆಯಿದೆ. ಅದನ್ನು ಪಾಲಿಸುವಂತೆ ಒತ್ತಾಯಿಸುವುದು ತಪ್ಪಲ್ಲ. ಆದರೆ ಹಿಟ್ಟಿನ ಕೋಳಿಯನ್ನು ಕಡಿದವನು ಬಲಿಯ ಭಕ್ತನಲ್ಲ. ಬಲಿಯನ್ನು ವಿರೋಧಿಸಿ ಅರ್ಧ ದಾರಿಯಲ್ಲಿ ರಾಜಿಯಾದವನು. ಕಾವ್ಯದ ಬಾಣ ನೆಟ್ಟಿರುವುದು ನೆರೆಯವರ ಬಲಿಪೀಠದ ಕಡೆಗಲ್ಲ, ‘ಕೊಂದಿಲ್ಲವಲ್ಲ’ ಎಂದು ಸಮಾಧಾನಗೊಳ್ಳುವ ಮನಸ್ಸಿನ ಕಡೆಗೆ. ಅದು ಮುಖ್ಯವಾಗಿ ಸಸ್ಯಾಹಾರಿಯ ಮನಸ್ಸು.

ಮುಂದಿನ ಜನ್ಮಗಳ ಕಥನದಲ್ಲಿ ಜನ್ನನು ಇದನ್ನೇ ಬೆಳೆಸುತ್ತಾನೆ. ಯಶೋಧರನು ನವಿಲಾಗಿ, ಚಂದ್ರಮತಿಯು ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ನಾಯಿಯಾದ ತಾಯಿಯಿಂದಲೇ ನವಿಲಾದ ಮಗನಿಗೆ ಸಾವು. ತಂದೆಯ ಸದ್ಗತಿಗೆಂದು ಮಗ ಯಶೋಮತಿ ಶ್ರಾದ್ಧ ಮಾಡಿಸುವಾಗ ಅಡಿಗೆಯಾಗುವುದು ಪ್ರಾಣಿಯಾಗಿ ಹುಟ್ಟಿದ ಆ ತಂದೆಯೇ. ಕೊಲ್ಲುವವನಿಗೆ ತಾನು ಯಾರನ್ನು ಕೊಲ್ಲುತ್ತಿದ್ದೇನೆಂಬ ಅರಿವಿಲ್ಲ ಎಂಬುದು ಈ ಪ್ರಸಂಗಗಳ ತಿರುಳು. ಕಡೆಗೆ ಕೋಳಿಗಳಾಗಿ ಹುಟ್ಟಿದ ಆ ಜೀವಗಳು ಮುನಿಯ ಧರ್ಮೋಪದೇಶವನ್ನು ಕೇಳಿ ಹರ್ಷದಿಂದ ಕೂಗುತ್ತವೆ. ಆ ದನಿಯ ಜಾಡು ಹಿಡಿದು ಯಶೋಮತಿಯು ಶಬ್ದವೇಧಿಯಲ್ಲಿ ತನ್ನ ಕೌಶಲವನ್ನು ಮೆರೆಯಲೆಂದು ಬಾಣ ಬಿಡುತ್ತಾನೆ. ಹಿಟ್ಟಿನ ಕೋಳಿಯ ಸುಳ್ಳು ಕೂಗಿನಿಂದ ಮೊದಲಾದುದು ನಿಜವಾದ ಕೋಳಿಗಳ ಧರ್ಮದ ಕೂಗಿನಲ್ಲಿ ಮುಗಿಯುತ್ತದೆ. ಈ ಎರಡು ಕೂಗುಗಳ ನಡುವೆ ಇಡೀ ಕಾವ್ಯ ಹರಡಿಕೊಂಡಿದೆ.

ಇನ್ನು ಬೇಟೆಯ ಪ್ರಸಂಗ. ಯಶೋಮತಿ ನಾಯಿಗಳ ಹಿಂಡಿನೊಡನೆ ಕಾಡಿಗೆ ಹೋಗಿ ಒಂದು ಮಿಗವೂ ಸಿಗದೆ ಹಿಂದಿರುಗುವಾಗ ತಪಸ್ಸಿನಲ್ಲಿರುವ ಸುದತ್ತ ಮುನಿಯನ್ನು ಕಂಡು, ಆತನ ದರ್ಶನವೇ ಅಪಶಕುನವೆಂದು ಸಿಟ್ಟಾಗಿ ನಾಯಿಗಳನ್ನು ಛೂ ಬಿಡುತ್ತಾನೆ. ನಾಯಿಗಳು ಮೇಲೆ ಬೀಳಲಿಲ್ಲ; ಶಾಂತವಾಗಿ ನಿಂತವು. ಕಲ್ಯಾಣಮಿತ್ರನೆಂಬ ವಣಿಕನು ಅರಸನಿಗೆ ತಿಳಿಹೇಳುತ್ತಾನೆ. ಬಾಗಲಕೋಟೆಯ ಓದುಗನಿಗೆ ಇಲ್ಲಿ ಮುಧೋಳ ನಾಯಿ ನೆನಪಾಗದಿರದು. ತೆಳುಮೈ, ಉದ್ದ ಕಾಲು, ತೀಕ್ಷ್ಣ ದೃಷ್ಟಿಯ ಈ ತಳಿಯನ್ನು ಮುಧೋಳದ ಘೋರ್ಪಡೆ ಅರಸರು ಬೇಟೆಗಾಗಿ ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಮುಂದೆ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಾಯಿತು, ಸೇನೆಯೂ ಅದನ್ನು ಪಡೆದುಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಾಯಿ ಬಿಟ್ಟು ಕಾಡುಪ್ರಾಣಿಯನ್ನು ಹಿಡಿಸುವುದು ಅಪರಾಧ. ನಾಯಿಯ ಸ್ವಭಾವ ಬದಲಾಗಿಲ್ಲ. ಅದನ್ನು ಬಿಡುವ ಕೈ ಬದಲಾಗಬೇಕು. ಜನ್ನನ ಪ್ರಸಂಗದ ಅರ್ಥವೂ ಇದೇ: ಪ್ರಾಣಿ ವಿವೇಕ ತೋರಿದ ಮೇಲೆ ಅರಸನಿಗೆ ವಿವೇಕ ಬಂದಿತು. ಆ ನಡುವೆ ನಿಂತು ಮಾತಾಡಿದವನು ಮುನಿಯಲ್ಲ, ಒಬ್ಬ ವ್ಯಾಪಾರಿ ಗೃಹಸ್ಥ ಎಂಬುದನ್ನು ಶ್ರಾವಕರು ಗಮನಿಸಬೇಕು.

ಇಷ್ಟು ಹೇಳಿದ ಮೇಲೆ ಕೃತಿಯ ಮಿತಿಯನ್ನೂ ಹೇಳಬೇಕಾಗುತ್ತದೆ. ಜನ್ನನ ಪ್ರಾಣಿಗಳು ಪೂರ್ಣವಾಗಿ ಪ್ರಾಣಿಗಳಲ್ಲ. ನವಿಲಿನೊಳಗೆ ಒಬ್ಬ ಅರಸನಿದ್ದಾನೆ, ನಾಯಿಯೊಳಗೆ ಒಬ್ಬ ರಾಜಮಾತೆಯಿದ್ದಾಳೆ. ಓದುಗನ ಮರುಕ ಹರಿಯುವುದು ಗರಿಗಳೊಳಗೆ ಸಿಕ್ಕಿಬಿದ್ದ ಮನುಷ್ಯನ ಕಡೆಗೆ. ತಿರ್ಯಗ್ಗತಿಯು ಕರ್ಮಫಲದ ದುಃಖದ ನೆಲೆ, ಅದರಿಂದ ಪಾರಾಗಬೇಕು ಎಂಬುದು ಕಥೆಯ ನಡೆ. ಒಳಗೆ ಯಾವ ಅರಸನೂ ಇಲ್ಲದ, ನವಿಲಾಗಿಯಷ್ಟೇ ಬದುಕುತ್ತಿರುವ ನವಿಲಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಯನ್ನು ಕಾವ್ಯ ಎತ್ತುವುದಿಲ್ಲ. ಕೋಳಿಗಳು ಧರ್ಮವನ್ನು ಕೇಳುವ ಒಂದು ಕ್ಷಣದಲ್ಲಿ ಮಾತ್ರ ಅದರ ಅಂಚಿಗೆ ಬರುತ್ತದೆ. ಸಂಜ್ಞೀ ಪಂಚೇಂದ್ರಿಯ ತಿರ್ಯಂಚವು ಐದನೆಯ ಗುಣಸ್ಥಾನದವರೆಗೆ ಏರಬಲ್ಲುದು, ದೇಶವ್ರತಗಳನ್ನು ಪಾಲಿಸಬಲ್ಲುದು ಎಂಬ ಆಗಮದ ನಿಲುವಿನ ಬೆಂಬಲ ಆ ಕ್ಷಣಕ್ಕಿದೆ. ಅಮೆರಿಕದ ತತ್ತ್ವಜ್ಞ ಟಾಮ್ ರೀಗನ್ 1983ರಲ್ಲಿ, ಪ್ರಾಣಿಯೂ ತನ್ನದೇ ಬದುಕನ್ನು ಅನುಭವಿಸುವ ವ್ಯಕ್ತಿ, ಆದುದರಿಂದ ಅದಕ್ಕೆ ಹಕ್ಕುಗಳುಂಟು ಎಂದು ವಾದಿಸಿದನು. ಪಶ್ಚಿಮದಲ್ಲಿ ಅದು ಹೊಸ ಮಾತೆನಿಸಿತು. ವ್ರತ ಹಿಡಿಯಬಲ್ಲ ಕೋಳಿಯನ್ನು ಕಂಡಿದ್ದ ಪರಂಪರೆಗೆ ಅದು ಅಷ್ಟು ಹೊಸದಲ್ಲ. ಆದರೆ ಆ ಕಾಣ್ಕೆಯನ್ನು ಪರಂಪರೆಯ ಓದುಗರು ಕಾಡಿನವರೆಗೆ ಕೊಂಡೊಯ್ಯಲಿಲ್ಲ.

ಕೃತಿಯ ಎರಡನೆಯ ಮಿತಿ ಇನ್ನೂ ಗಂಭೀರವಾದುದು. ಹಿಟ್ಟಿನ ಕೋಳಿಯ ಪಾಠವೆಂದರೆ, ಕೊಲೆಯಿಲ್ಲದ ಸಂಕಲ್ಪವೂ ಹಿಂಸೆ. ಇಂದಿನ ಕಾಡುಪ್ರಾಣಿಯ ಸಾವು ಇದರ ತಿರುವುಮುರುವು: ಸಂಕಲ್ಪವಿಲ್ಲದ ಕೊಲೆ. ಯಡಹಳ್ಳಿಯ ಚಿಂಕಾರವನ್ನು ನೋಡಬಹುದು. ಚಿಗರೆಯ ಜಾತಿಯ ಈ ಪುಟ್ಟ ಪ್ರಾಣಿಯ ತೂಕ ಇಪ್ಪತ್ತು ಇಪ್ಪತ್ತೈದು ಕಿಲೋ. ಒಣ ಬಯಲು, ಕುರುಚಲು, ಕಲ್ಲುದಿಬ್ಬಗಳೇ ಅದರ ಮನೆ. ಎಲೆ ಚಿಗುರುಗಳ ತೇವದಿಂದಲೇ ಬಹುಮಟ್ಟಿಗೆ ನೀರಡಿಕೆಯನ್ನು ತೀರಿಸಿಕೊಳ್ಳಬಲ್ಲುದು. ಭಾರತದಲ್ಲಿ ಅದರ ನೆಲೆಯ ದಕ್ಷಿಣದ ಅಂಚು ಕರ್ನಾಟಕ. ಸುಮಾರು 96 ಚದರ ಕಿಲೋಮೀಟರಿನ ಯಡಹಳ್ಳಿ ಧಾಮವಾದ ಮೇಲೆ 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ಇನ್ನೊಂದು ಚಿಂಕಾರ ಧಾಮವಾಯಿತು. ಧಾಮದ ಹೊರಗೆ ಈ ಪ್ರಾಣಿಯನ್ನು ಕೊಲ್ಲಬೇಕೆಂದು ಯಾರೂ ಹಟ ತೊಟ್ಟಿಲ್ಲ. ಹಂದಿಗೆಂದು ಇಟ್ಟ ಉರುಲು, ಕಟ್ಟೆಯಿಲ್ಲದ ಹೊಲದ ಬಾವಿ, ರಾತ್ರಿಯ ರಸ್ತೆಯ ವಾಹನ, ಊರ ಬೀದಿನಾಯಿಗಳ ಹಿಂಡು, ಬಯಲನ್ನು ಸೀಳಿದ ಬೇಲಿ, ಇವೇ ಇಂತಹ ಪ್ರಾಣಿಗೆ ಸಾಕು. ಯಾರ ಸಂಕಲ್ಪವೂ ಇಲ್ಲದೆ ಒಂದು ಕುಲ ಸವೆದುಹೋಗಬಹುದು.

ಗೃಹಸ್ಥನು ಇಲ್ಲಿ ಉದ್ಯೋಗೀ ಹಿಂಸೆ, ಆರಂಭೀ ಹಿಂಸೆ ಎಂಬ ಹಳೆಯ ವಿಂಗಡಣೆಯ ಮರೆಗೆ ಸರಿಯುವುದುಂಟು. ಬೇಸಾಯ, ವ್ಯಾಪಾರ, ಕಟ್ಟಡಗಳಲ್ಲಿ ಆಗುವ ಹಿಂಸೆ ಅನಿವಾರ್ಯ, ಅದು ಸಂಕಲ್ಪದ್ದಲ್ಲ ಎಂಬುದು ಆ ಮರೆ. ಆದರೆ ಉಮಾಸ್ವಾತಿಯ ಸೂತ್ರಗಳು ಹಿಂಸೆಯ ಲಕ್ಷಣದಲ್ಲಿ ಇರಿಸಿದ ಪದ ಪ್ರಮಾದ. ಎಚ್ಚರಗೇಡಿತನದಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆ. ಸಂಕಲ್ಪವು ಪ್ರಮಾದದ ಒಂದು ಘೋರ ರೂಪ ಮಾತ್ರ. ಕಾಣಬಹುದಾಗಿದ್ದುದನ್ನು ಕಾಣದೆ ಹೋಗುವುದು, ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳದಿರುವುದು ಅದರ ನಿತ್ಯ ರೂಪ. ಹಿಟ್ಟಿನ ಕೋಳಿಯನ್ನು ಚೆನ್ನಾಗಿ ಓದಿದವರು ಓದದೆ ಬಿಟ್ಟ ಅಧ್ಯಾಯವಿದು.

ಈ ದೃಷ್ಟಿಯಿಂದ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಮತ್ತೆ ಓದಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮೀರಿ ಹೊರಿಸುವುದು, ಮೇವು ನೀರು ತಪ್ಪಿಸುವುದು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದು ಪಟ್ಟಿ ಮಾಡಿದವುಗಳಲ್ಲಿ ಈ ಐದೂ ಒಂದಿಲ್ಲೊಂದು ರೂಪದಲ್ಲಿ ಇವೆ. ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿ ಇವು ಎತ್ತು, ಆಕಳು, ಕುದುರೆಗಳಿಗೆ ಸಂಬಂಧಿಸಿದುವು. ಹಾಗೆ ಓದಿದುದರಿಂದಲೇ ಪಾಂಜರಪೋಳ, ಗೋಶಾಲೆಗಳು ಬೆಳೆದವು. ಅದು ಸಮಾಜದ ಹಿರಿಮೆ. ಆದರೆ ನೀರಿನ ಹಳ್ಳಕ್ಕೆ ಹೋಗುವ ಮಿಗದ ದಾರಿಗೆ ತಂತಿ ಎಳೆದರೆ ಅದು ಅನ್ನಪಾನನಿರೋಧವಲ್ಲವೇ? ನಾಲ್ಕು ಕಡೆ ಬೇಲಿ ಹಬ್ಬಿ ಹಿಂಡೊಂದು ದಿಬ್ಬದ ಮೇಲೆ ಉಳಿದುಹೋದರೆ ಅದು ಬಂಧವಲ್ಲವೇ? ನೇಮಿಕುಮಾರನು ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳನ್ನು ಕಂಡಾಗ ಅವುಗಳಲ್ಲಿ ಒಂದೂ ಇನ್ನೂ ಸತ್ತಿರಲಿಲ್ಲ. ಬೇಲಿಯನ್ನು ಕಂಡೇ ಅವನು ರಥವನ್ನು ತಿರುಗಿಸಿದನು.

ಬಾಗಲಕೋಟೆಯ ಜನರಿಗೆ ನೆಲೆ ತಪ್ಪುವುದೆಂದರೇನೆಂದು ಬೇರೆಯವರು ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳೂ ಹಲವು ಹಳ್ಳಿಗಳೂ ಮುಳುಗಿ, ‘ಮುಳುಗಡೆ’ ಎಂಬ ಮಾತು ಈ ಜಿಲ್ಲೆಯ ಮನೆಮಾತಾಯಿತು. ಮನುಷ್ಯರಿಗೆ ಪರಿಹಾರ ಬಂದಿತು, ನವನಗರ ಎದ್ದಿತು. ಅದೂ ಸಾಲದೆಂಬ ದೂರು ನ್ಯಾಯವಾದುದೇ. ಅದೇ ನೀರು ಒಣಭೂಮಿಯನ್ನು ಕಬ್ಬಿನ ಗದ್ದೆಯಾಗಿಸಿದಾಗ ನೆಲೆ ತಪ್ಪಿದ ತೋಳ, ನರಿ, ಚಿಗರೆಗಳಿಗೆ ಅರ್ಜಿ ಬರೆಯುವವರು ಇರಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಗಳಲ್ಲಿ ಹೆಸರಾದುದು. ಆ ಬಗೆಯ ಕಲ್ಲುಗುಡ್ಡಗಳ ಪೊಟರೆಗಳೇ ಕತ್ತೆಕಿರುಬಕ್ಕೂ ಮುಳ್ಳುಹಂದಿಗೂ ಗೂಬೆಗೂ ಮರಿ ಮಾಡುವ ಮನೆ. ಬಸದಿಯ ಜೀರ್ಣೋದ್ಧಾರಕ್ಕೆ ಹೊಳಪಿನ ಹಾಸುಗಲ್ಲನ್ನು ಆರಿಸುವ ವಿಶ್ವಸ್ತ ಮಂಡಳಿಯು ಬೆಲೆಯನ್ನೂ ಬಣ್ಣವನ್ನೂ ಕೇಳುತ್ತದೆ. ಕಲ್ಲು ಯಾವ ಗುಡ್ಡದ್ದು, ಕಾಯಿದೆಯ ಪ್ರಕಾರ ತೆಗೆದುದೋ ಎಂದು ಕೇಳುವುದು ಅಪ್ರಮಾದ.

ದೇಶದ ನ್ಯಾಯಶಾಸ್ತ್ರವೂ ಈ ದಿಕ್ಕಿನಲ್ಲಿ ತೊಡರುತ್ತ ನಡೆದಿದೆ. 1976ರ ತಿದ್ದುಪಡಿಯಿಂದ ಜೀವಿಗಳ ಮೇಲಿನ ಅನುಕಂಪವು ಸಂವಿಧಾನದಲ್ಲಿ ಪ್ರಜೆಯ ಕರ್ತವ್ಯವಾಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಪ್ರಾಣಿಗಳ ಘನತೆಯನ್ನು ಎತ್ತಿಹಿಡಿಯಿತು. 2023ರಲ್ಲಿ ಸಂವಿಧಾನ ಪೀಠವು ಕರ್ನಾಟಕದ ಕಂಬಳವೂ ಸೇರಿದಂತೆ ರಾಜ್ಯಗಳ ತಿದ್ದುಪಡಿಗಳನ್ನು ಮಾನ್ಯ ಮಾಡಿತು. ನ್ಯಾಯಾಲಯಗಳ ವಾದ ಹೀಗೆ ಸಾಗಲಿ. ಅಣುವ್ರತಿಗೆ ತೀರ್ಪಿಗಾಗಿ ಕಾಯುವ ಅಗತ್ಯವಿಲ್ಲ.

ಕಾವ್ಯದಲ್ಲಿ ಕೊರತೆಯಾದುದನ್ನು ಈ ನೆಲದ ಶಿಲ್ಪ ತುಂಬಿಕೊಡುತ್ತದೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಐಹೊಳೆಯ ಜೈನ ಗುಹೆಯಲ್ಲಿಯೂ ಬಾಹುಬಲಿ ನಿಂತಿದ್ದಾನೆ. ಮೈಗೆ ಬಳ್ಳಿ ಸುತ್ತಿದೆ, ಕಾಲ ಬಳಿ ಹಾವುಗಳಿವೆ. ಸಾಮಾನ್ಯವಾಗಿ ಇದನ್ನು ತಪಸ್ಸಿನ ದೀರ್ಘತೆಯ ಗುರುತೆಂದು ವಿವರಿಸಲಾಗುತ್ತದೆ. ಅದು ಸರಿಯೇ, ಆದರೆ ಶಿಲ್ಪದಲ್ಲಿ ಇನ್ನೂ ಒಂದು ಮಾತಿದೆ. ಆತ ಹಾವನ್ನು ಕೊಲ್ಲದೆ ಬಿಟ್ಟನೆಂಬಷ್ಟೇ ಅಲ್ಲ, ಹಾವಿಗೆ ಜಾಗ ಕೊಟ್ಟಿದ್ದಾನೆ. ಬಳ್ಳಿಗೆ ಹಬ್ಬಲು ಮೈ ಕೊಟ್ಟಿದ್ದಾನೆ. ಕೊಲ್ಲದಿರುವುದು ಅಹಿಂಸೆಯ ಹೊಸ್ತಿಲಾದರೆ, ನೆಲೆ ಕೊಡುವುದು ಅಭಯ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದನ್ನು ತಿರ್ಯಂಚರಿಗೆ ಮೀಸಲಿಟ್ಟ ಕಲ್ಪನೆಯ ಹಿಂದೆಯೂ ಇದೇ ಭಾವವಿದೆ. ಜನ್ನನ ಇಬ್ಬರು ಮಕ್ಕಳ ಹೆಸರಿನಲ್ಲಿ ‘ಅಭಯ’ ಎಂಬ ಪದವಿದೆ. ಮಾರಿದತ್ತನ ಬಲಿಪೀಠದ ಬಳಿ ಆ ಪದದ ಅರ್ಥ ಬಿಡುಗಡೆ. ಯಡಹಳ್ಳಿಯ ಬಯಲಿನಲ್ಲಿ ಅದರ ಅರ್ಥ ಓಡಲು ನೆಲ.

ಹೀಗೆಂದಮಾತ್ರಕ್ಕೆ ಕಾಡುಪ್ರಾಣಿಯ ಮೇಲೆ ಕರುಣೆಯನ್ನು ಸುರಿಯುವುದೆಂದಲ್ಲ. ಬಾದಾಮಿಯ ಗುಹೆಗಳ ಮೆಟ್ಟಿಲುಗಳಲ್ಲಿ ಯಾತ್ರಿಕರು ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ನೀಡುವುದು ಜೀವದಯೆಯೆಂಬ ನಂಬಿಕೆಯಿಂದ. ಅದರ ಫಲವಾಗಿ ಮಂಗಗಳು ಕೈಚೀಲ ಕಸಿಯುವುದನ್ನು ಕಲಿತಿವೆ. ಕಸಿದಾಗ ಕಲ್ಲಿನೇಟು ತಿನ್ನುತ್ತವೆ. ತಿನ್ನಿಸುವ ಕೈಯೇ ಹೊಡೆಯುವ ಕೈಯನ್ನು ಕರೆದು ತರುತ್ತದೆ. ಗೋಶಾಲೆಯ ಹಸುವಿಗೆ ಮೇವು ದಯೆ. ಕಾಡುಪ್ರಾಣಿಗೆ ದೂರವೇ ದಯೆ. ಈ ಭೇದವನ್ನು ಅರಿಯುವುದೂ ಅಪ್ರಮಾದದ ಭಾಗ.

ಕಡೆಯದಾಗಿ ನವಿಲಿನ ವಿಚಾರ. ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನು ಮೊದಲು ತೊಟ್ಟ ಪ್ರಾಣಿದೇಹ ನವಿಲಿನದು. ದಿಗಂಬರ ಮುನಿಗಳ ಕೈಯ ಪಿಂಛಿಯೂ ನವಿಲಿನ ಗರಿಯದೇ. ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರತನ ಎಂಬ ಐದು ಗುಣಗಳಿಗಾಗಿ ಅದನ್ನು ಆರಿಸಲಾಗಿದೆ. ಕುಳಿತುಕೊಳ್ಳುವ ಮುನ್ನ ಸೂಕ್ಷ್ಮಜೀವಿಯನ್ನು ನೋಯಿಸದೆ ಸರಿಸುವ ಆ ಸಾಧನವು ಅಪ್ರಮಾದದ ಮೂರ್ತರೂಪ. ನವಿಲು ಗಂಡಿನ ಬಾಲದ ಗರಿಗಳು ಪ್ರತಿವರ್ಷ ಮಳೆಗಾಲದ ಕಡೆಯಲ್ಲಿ ತಾವಾಗಿ ಉದುರುತ್ತವೆ. ಪರಂಪರೆ ಒಪ್ಪಿದುದು ಹಾಗೆ ಉದುರಿದ ಗರಿಯನ್ನು. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲಿಗೆ ಕಾಯಿದೆಯ ಅತ್ಯುನ್ನತ ರಕ್ಷಣೆಯಿದ್ದರೂ, ಬಾಲದ ಗರಿಯ ದೇಶೀಯ ವ್ಯವಹಾರಕ್ಕೆ ಆ ಕಾಯಿದೆಯಲ್ಲಿಯೇ ವಿನಾಯಿತಿಯಿದೆ. ಉದುರಿದ ಗರಿಗೂ ಸತ್ತ ಹಕ್ಕಿಯಿಂದ ಕಿತ್ತ ಗರಿಗೂ ಪೇಟೆಯ ಕಟ್ಟಿನಲ್ಲಿ ಗುರುತು ಉಳಿಯುವುದು ಕಷ್ಟ. ಉದುರಿದುದರ ಬುಡ ಒಣಗಿ ಸ್ವಚ್ಛವಾಗಿರುತ್ತದೆ. ಕಿತ್ತುದರ ಬುಡದಲ್ಲಿ ರಕ್ತದ ಕಲೆ ಇರಬಹುದು. ಬುಡವನ್ನೇ ಕತ್ತರಿಸಿ ಮಾರಿದರೆ ಆ ಸಾಕ್ಷಿಯೂ ಇಲ್ಲ.

ಚಾತುರ್ಮಾಸ ಮುಗಿದು ಪಿಂಛಿ ಪರಿವರ್ತನದ ಸಮಾರಂಭ ಬಂದಾಗ ಗರಿಗಳನ್ನು ಒದಗಿಸುವ ಪುಣ್ಯಕ್ಕೆ ಶ್ರಾವಕರಲ್ಲಿ ಸ್ಪರ್ಧೆಯೇ ಇರುತ್ತದೆ. ಆ ದಿನಗಳಲ್ಲಿ ಮಂದಿರದ ಮಂಡಳಿಗಳು ಮಾಡಬಹುದಾದ ಕೆಲಸ ಸರಳವಾದುದು: ಬುಡ ಕತ್ತರಿಸಿದ ಗರಿಯನ್ನು ಕೊಳ್ಳದಿರುವುದು, ಪೇಟೆಯ ಬದಲಾಗಿ ನವಿಲು ತಿರುಗಾಡುವ ಹೊಲಗಳ ಒಡೆಯರಿಂದ ಉದುರಿದ ಗರಿಗಳನ್ನು ತರಿಸಿಕೊಳ್ಳುವುದು, ಆ ಹೊಲಗಳಲ್ಲಿ ಬೀಜಕ್ಕೆ ವಿಷ ಬೆರೆಸದಂತೆ ಒಡೆಯರೊಡನೆ ಮಾತಾಡಿಕೊಳ್ಳುವುದು, ತಮ್ಮದೇ ಜಮೀನಿನ ಬಾವಿಗೆ ಕಟ್ಟೆ ಕಟ್ಟಿಸುವುದು. ಅದೇ ವಾರದ ಸ್ವಾಧ್ಯಾಯದಲ್ಲಿ ‘ಯಶೋಧರ ಚರಿತೆ’ಯನ್ನು ಹಿಟ್ಟಿನ ಕೋಳಿಗೆ ನಿಲ್ಲಿಸದೆ, ನವಿಲಿನ ಜನ್ಮದಿಂದ ಕಲ್ಯಾಣಮಿತ್ರನ ಮಾತಿನವರೆಗೆ ಓದಿಸಬೇಕು. ಗರಿಯನ್ನು ಕೊಡಲು ಬಂದವನನ್ನು ಇದು ಎಲ್ಲಿಯದೆಂದು ಕೇಳುವ ಸಂಕೋಚ ಆಗ ಯಾರಿಗೂ ಉಳಿಯಲಾರದು.